ಪೋರ್ಷನ್ ಮುಗಿಸಿ ಹೂಡಿದ ಮುಷ್ಕರ

ನಾವು ಮುಷ್ಕರ ಹೂಡುವ ಮೊದಲು ಪೋರ್ಷನ್ ಮುಗಿಸಿದೆವು. ಭಾನುವಾರವೂ ತರಗತಿ ಇಟ್ಟೆವು, ಉಳಿದ ದಿನ ಬೆಳಿಗ್ಗೆ ಎಂಟಕ್ಕೇ ಮಕ್ಕಳನ್ನು ಕರೆಸಿದೆವು, ಕೊನೆಯ ಅಧ್ಯಾಯದ ಕೊನೆಯ ಪುಟದವರೆಗೆ ಪಾಠ ಮಾಡಿ ನೋಟ್ಸ್ ಬರೆಸಿದೆವು. ಆಮೇಲೆ ಹೋಗಿ ಧರಣಿ ಕೂತೆವು. ಇದನ್ನು ಕಾರ್ಖಾನೆಯಲ್ಲಿ ದುಡಿಯುವ ನನ್ನ ಗಂಡನಿಗೆ ಹೇಳಿದಾಗ, ಊಟಕ್ಕೆ ಕೂತಿದ್ದವರು ತುತ್ತು ಬಿಟ್ಟು ನಗಲು ಶುರು ಮಾಡಿದರು. ಅವರ ಕಾರ್ಖಾನೆಯಲ್ಲಿ ಸಂಘ ಒಂದು ಗಂಟೆ ಯಂತ್ರ ನಿಲ್ಲಿಸಿದರೆ ಮೇಲಿನವರು ಓಡಿ ಬರುತ್ತಾರಂತೆ. ನನಗೆ ಆಗ ಅವರ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಈಗ ಆ ಸಿಟ್ಟು ಬರಬೇಕಾದವರ ಮೇಲೆ ಬರುತ್ತದೆ, ಆ ಪಟ್ಟಿಯಲ್ಲಿ ನಾನೂ ಇದ್ದೇನೆ.

ನಾನು ಬಂಗಾರಪೇಟೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷವಾಯಿತು. ಹನ್ನೊಂದು ವರ್ಷ ಒಂದೇ ಮನೆಗೆ ಬರುವ ಅತಿಥಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ಕೋರಮಂಡಲ್ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಕಾಲೇಜಿನವರೆಗೆ ನಡೆದು, ನಮ್ಮಂಥವರಿಗೇ ಬೇರೆಯಾಗಿ ಇಟ್ಟಿರುವ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತೇನೆ. ಕಾಯಂ ಆದವರ ಪುಸ್ತಕಕ್ಕೆ ಗಟ್ಟಿ ರಟ್ಟಿದೆ, ನಮ್ಮದು ಇನ್ನೂರು ಪುಟದ ನೋಟ್ ಬುಕ್ಕು. ವರ್ಷದ ಕೊನೆಗೆ ನಮ್ಮನ್ನು ಬಿಡುಗಡೆ ಮಾಡುತ್ತಾರೆ. ಮತ್ತೆ ಅರ್ಜಿ, ಮತ್ತೆ ಅದೇ ಪ್ರಮಾಣಪತ್ರಗಳ ಜೆರಾಕ್ಸು, ಮತ್ತೆ ಛಾಪಾ ಕಾಗದದ ಮೇಲೆ ಮುಚ್ಚಳಿಕೆ: ನಾನು ಕಾಯಂ ಮಾಡಿ ಎಂದು ಕೇಳುವುದಿಲ್ಲ, ಹಕ್ಕು ಸಾಧಿಸುವುದಿಲ್ಲ, ಯಾವಾಗ ಬೇಕಾದರೂ ತೆಗೆದುಹಾಕಬಹುದು. ಪ್ರತಿ ವರ್ಷ ಅದಕ್ಕೆ ಸಹಿ ಹಾಕಿ, ಹೊರಗೆ ಬಂದು ಕಾಫಿ ಕುಡಿದು, ಮರುದಿನ ತರಗತಿಗೆ ಹೋಗಿ ಮಕ್ಕಳಿಗೆ ಸ್ವಾತಂತ್ರ್ಯ ಚಳವಳಿಯ ಪಾಠ ಮಾಡುತ್ತಿದ್ದೆ. ನಾಚಿಕೆ ಎನ್ನುವುದು ಹತ್ತಿರವೂ ಸುಳಿಯುತ್ತಿರಲಿಲ್ಲ.

ಅತಿಥಿ ಉಪನ್ಯಾಸಕರ ಸಂಘ ಆಗಲೂ ಇತ್ತು. ನಮ್ಮ ಕಾಲೇಜಿನಲ್ಲೇ ಭೌತಶಾಸ್ತ್ರ ಕಲಿಸುವ ಹಿರಿಯರೊಬ್ಬರು ಅದರ ತಾಲ್ಲೂಕಿನ ಕೆಲಸ ನೋಡಿಕೊಳ್ಳುತ್ತಿದ್ದರು. ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯವರು, ಮನೆಯಲ್ಲಿ ತಮಿಳು, ತಲೆಯೆಲ್ಲ ಬೆಳ್ಳಗಾಗಿದ್ದರೂ ನನ್ನ ಹಾಗೇ ಅತಿಥಿ. ವರ್ಷಕ್ಕೆ ಎರಡು ಸಲವಾದರೂ ಸದಸ್ಯತ್ವದ ಅರ್ಜಿ ಹಿಡಿದು ಬರುತ್ತಿದ್ದರು. ನಾನು ಅವರನ್ನು ಕಂಡರೆ ಗ್ರಂಥಾಲಯದ ಕಪಾಟಿನ ಹಿಂದೆ ಸರಿಯುತ್ತಿದ್ದೆ. ಹೆದರಿಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ನನ್ನ ಅಮ್ಮ ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ ಜೀವಮಾನವೆಲ್ಲ ಬೇರೆಯವರ ಹೊಲದಲ್ಲಿ ಕಳೆ ಕಿತ್ತವಳು. ಆ ಕೂಲಿಯಲ್ಲೇ ನಾನು ಎಂ.ಎ. ಮಾಡಿದೆ. ಸಂಘ, ಧರಣಿ, ಘೋಷಣೆ ಎಲ್ಲ ಕೂಲಿಯವರದ್ದು, ನಾನು ಅದನ್ನು ದಾಟಿ ಬಂದವಳು, ಇಸ್ತ್ರಿ ಸೀರೆ ಉಟ್ಟ ಮೇಡಮ್ಮು ಎಂದು ಒಳಗೊಳಗೇ ನಂಬಿದ್ದೆ. ಕೂಲಿಯವಳ ಮಗಳು ಕೂಲಿಯನ್ನು ಕೀಳಾಗಿ ಕಾಣುವುದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ.

ನಮ್ಮ ವಿಭಾಗದಲ್ಲಿ ಇದ್ದವರು ಇಬ್ಬರೇ. ನಾನು, ಮತ್ತು ನನಗಿಂತ ಹತ್ತು ವರ್ಷ ಚಿಕ್ಕವಳಾದ ಇನ್ನೊಬ್ಬಳು ಅತಿಥಿ. ವಾರದ ತರಗತಿಗಳನ್ನು ಅರ್ಧರ್ಧ ಹಂಚಿಕೊಂಡಿದ್ದೆವು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಈ ವರ್ಷ ಮೊದಲ ಸೆಮಿಸ್ಟರ್ ಅರ್ಧ ಮುಗಿಯುವ ಹೊತ್ತಿಗೆ ಅವಳಿಗೆ ಎಂಟು ತಿಂಗಳು ತುಂಬಿತ್ತು. ಊದಿದ ಕಾಲಿನಲ್ಲಿ ಎರಡನೇ ಮಹಡಿಗೆ ಹತ್ತಿ ಪಾಠ ಮಾಡುತ್ತಿದ್ದಳು. ಮೂರು ತಿಂಗಳ ರಜೆ ಕೊಡಿ, ಸಂಬಳ ಬೇಡ, ಜಾಗ ಒಂದು ಉಳಿಸಿ ಎಂದು ಪ್ರಾಂಶುಪಾಲರನ್ನು ಕೇಳಲು ಹೋದಳು. ಒಬ್ಬಳೇ ಹೋಗಲು ಹೆದರಿ ನನ್ನನ್ನೂ ಕರೆದುಕೊಂಡು ಹೋದಳು.

ಪ್ರಾಂಶುಪಾಲರು ಕೂಗಾಡುವ ಮನುಷ್ಯರಲ್ಲ. ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

"ನೋಡಮ್ಮ, ನಿಮಗೆ ರಜೆ ಕೊಡೋಕೆ ಆದೇಶ ಇಲ್ಲ. ಕೊಡಬಾರದು ಅಂತಾನೂ ನಾನು ಹೇಳೋದಿಲ್ಲ. ಆರೋಗ್ಯ ಮುಖ್ಯ. ನೀವೇ ಒಂದು ಬಿಡುಗಡೆ ಪತ್ರ ಬರೆದುಕೊಟ್ಟರೆ ಎಲ್ಲರಿಗೂ ಸುಲಭ. ಆಮೇಲೆ ಬಂದಾಗ ನೋಡೋಣ."

ಹೀಗೆಂದು ನನ್ನ ಕಡೆ ತಿರುಗಿದರು. "ಮೇಡಮ್, ನಿಮ್ಮ ಭಾಷೆ ಚೆನ್ನಾಗಿದೆ. ಸ್ವಲ್ಪ ಬರೆದುಕೊಡಿ ಅವರಿಗೆ. ಅವರ ಕ್ಲಾಸುಗಳನ್ನೂ ನೀವೇ ನೋಡಿಕೊಳ್ಳಿ. ಹೊಸಬರನ್ನ ಎಲ್ಲಿ ಹುಡುಕೋದು?"

ನಾನು ಬರೆದುಕೊಟ್ಟೆ. ನನ್ನ ಭಾಷೆ ಚೆನ್ನಾಗಿದೆ ಎಂದಿದ್ದಕ್ಕೆ ಒಂದಿಷ್ಟು ಹಿಗ್ಗು ಕೂಡ ಆಗಿತ್ತೇನೋ. ವೈಯಕ್ತಿಕ ಕಾರಣಗಳಿಂದ ಕರ್ತವ್ಯ ನಿರ್ವಹಿಸಲು ಸಾಧ್ಯವಾಗದ ಕಾರಣ ನನ್ನನ್ನು ಬಿಡುಗಡೆಗೊಳಿಸಬೇಕೆಂದು ಕೋರುತ್ತೇನೆ ಎಂದು ದುಂಡಗೆ ಬರೆದೆ. ಅವಳು ಅದರ ಕೆಳಗೆ ಸಹಿ ಹಾಕಿದಳು. ಒಂದು ಹೊಟ್ಟೆಯಲ್ಲಿ ಬೆಳೆಯುತ್ತಿದ್ದ ಮಗು ಆ ಕಾಗದದಲ್ಲಿ ವೈಯಕ್ತಿಕ ಕಾರಣವಾಯಿತು. ಮುಂದಿನ ಸೋಮವಾರದಿಂದ ಅವಳ ಪಾಲಿನ ತರಗತಿಗಳೂ ನನ್ನ ವೇಳಾಪಟ್ಟಿಗೆ ಸೇರಿದವು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಪಟ್ಟಿ ತುಂಬಿತ್ತು.

ಅಮ್ಮ ಮಂಡಿ ನೋವು ಬಂದ ಮೇಲೆ ನಮ್ಮ ಜೊತೆಯಲ್ಲೇ ಇದ್ದಳು. ನಾನು ಸಂಜೆ ತಡವಾಗಿ ಬರುವುದನ್ನು ನೋಡಿ ಯಾಕೆ ಎಂದು ಕೇಳಿದಳು. ಕೆಲಸ ಹೆಚ್ಚಾಯಿತು, ಜೊತೆಯವಳು ಹೆರಿಗೆಗೆ ಹೋದಳು, ಅವಳ ಪಾಠವನ್ನೂ ನನಗೇ ಕೊಟ್ಟಿದ್ದಾರೆ ಎಂದೆ. ಹೇಳುವಾಗ ದನಿಯಲ್ಲಿ ಜಂಬವೇ ಇತ್ತು. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಬಾಣ್ತಿ ಸಾಲ್ಗೆ ನೀನ್ ಇಳಿದ್ಯೇನೇ?"

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಅವಳ ಕೂಲಿ ಗುಂಪಿನಲ್ಲಿ ಹನ್ನೆರಡು ಹೆಂಗಸರಿದ್ದರು. ಹೊಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಯಾರಾದರೂ ಹೆತ್ತರೆ ಅವಳ ಸಾಲಿನ ಕಳೆಯನ್ನು ಅಕ್ಕಪಕ್ಕದ ಇಬ್ಬರು ಸೇರಿ ಕಿತ್ತು, ಸಾಲನ್ನು ಅವಳಿಗೇ ಉಳಿಸುತ್ತಿದ್ದರು. ಮೇಸ್ತ್ರಿ ಆ ಜಾಗಕ್ಕೆ ಹೊಸ ಆಳು ಕರೆತಂದರೆ ಒಬ್ಬಳೂ ಹೊಲಕ್ಕೆ ಇಳಿಯುತ್ತಿರಲಿಲ್ಲ, ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

"ನಿನ್ನ ಎತ್ತಾಗ ನಾನು ನಾಕು ತಿಂಗ್ಳು ಮನೇಲಿದ್ದೆ. ತಿರ್ಗಿ ಓದಾಗ ನನ್ ಸಾಲು ನಂಗೇ ಇತ್ತು. ಯಾವ್ಳೂ ಕಣ್ಣಾಕಿರ್ಲಿಲ್ಲ. ನಾವು ಎಬ್ಬೆಟ್ಟು ಒತ್ತೋರು ಕಣೇ. ನೀನು ಓದ್ದೋಳು."

ಅಷ್ಟು ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.  ಸಮಜಾಯಿಷಿ ಕೊಡಲು ನನಗೆ ನೂರು ಮಾತು ಇದ್ದವು: ನಾನಲ್ಲದಿದ್ದರೆ ಬೇರೆ ಯಾರೋ ತೆಗೆದುಕೊಳ್ಳುತ್ತಿದ್ದರು, ಮಕ್ಕಳ ಪಾಠ ನಿಲ್ಲುತ್ತಿತ್ತು, ಪ್ರಾಂಶುಪಾಲರಿಗೆ ಇಲ್ಲ ಎನ್ನುವುದು ಹೇಗೆ. ಅವನ್ನೆಲ್ಲ ಬಿಟ್ಟು ನಾನೂ ಅವರೆಕಾಯಿಗೆ ಕೈ ಹಾಕಿದೆ.

ಆ ಭಾನುವಾರ ಬಂಗಾರಪೇಟೆ ರೈಲು ನಿಲ್ದಾಣದ ಹತ್ತಿರ, ಒಂದು ಟ್ಯೂಷನ್ ಕೊಠಡಿಯಲ್ಲಿ ಸಂಘದ ಸಭೆ ಇತ್ತು. ಹೋದೆ. ಹಿರಿಯರು ಬಾಗಿಲಲ್ಲೇ ಇದ್ದರು. ನಾನು ಕಪಾಟಿನ ಹಿಂದೆ ಅಡಗುತ್ತಿದ್ದದ್ದು ಅವರಿಗೆ ಗೊತ್ತಿಲ್ಲವೆಂದು ನಂಬಿದ್ದೆ.

"ಬಾಮ್ಮಾ, ಬಾ. ಲೈಬ್ರರೀಲಿ ಪುಸ್ತಕ ಎಲ್ಲಾ ಓದಿ ಮುಗೀತಾ?" ಎಂದರು. ನಕ್ಕು ಅರ್ಜಿ ಕೊಟ್ಟರು. ಒಂದು ಪುಟದ ಅರ್ಜಿ. ಹೆಸರು, ವಿಷಯ, ಸೇವೆ ಎಷ್ಟು ವರ್ಷ. ಛಾಪಾ ಕಾಗದಕ್ಕೆ ಹನ್ನೊಂದು ಸಲ ಕಣ್ಣು ಮುಚ್ಚಿ ಸಹಿ ಹಾಕಿದವಳು ಇದನ್ನು ಎರಡು ಸಲ ಓದಿ ಸಹಿ ಹಾಕಿದೆ.

ಆ ಸಭೆಯಲ್ಲೇ ಜಿಲ್ಲೆಯಾದ್ಯಂತ ಮುಷ್ಕರ ಎಂದು ತೀರ್ಮಾನವಾಯಿತು. ಬೇಡಿಕೆಗಳ ಪಟ್ಟಿಗೆ ಹೆರಿಗೆ ರಜೆಯನ್ನೂ, ಹೆತ್ತು ಬಂದವಳಿಗೆ ಅದೇ ಜಾಗ ಎನ್ನುವುದನ್ನೂ ನಾನೇ ಎದ್ದು ನಿಂತು ಸೇರಿಸಿದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೇಳಿದರು, "ಪರೀಕ್ಷೆ ಹತ್ತಿರ ಬಂತು, ಮಕ್ಕಳ ಗತಿ?"  ನಮ್ಮ ಮಕ್ಕಳು ಎಂಥವರೆಂದು ನಮಗೆ ಗೊತ್ತು. ಮುಂಜಾನೆ ಹೂವು ಕಟ್ಟಿಕೊಟ್ಟು ಬರುವವರು, ಸಂಜೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲುವವರು, ಮನೆಗೇ ಮೊದಲ ಡಿಗ್ರಿ. ಅವರಿಗೆ ಟ್ಯೂಷನ್ ಇಲ್ಲ, ಗೈಡು ಕೊಳ್ಳಲು ಕಾಸಿಲ್ಲ. ಕೊನೆಗೆ ಒಬ್ಬರು, ಪೋರ್ಷನ್ ಮುಗಿಸಿಯೇ ಕೂರೋಣ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಂಥ ಘನ ಮನಸ್ಸು ನಮ್ಮದು ಎಂದು ಎದೆ ಉಬ್ಬಿತ್ತು.

ಧರಣಿಯ ಮೊದಲ ದಿನ ಕಾಲೇಜಿನ ಗೇಟಿನ ಮುಂದೆ ಶಾಮಿಯಾನ ಹಾಕಿ ಕೂತೆವು. ಮಕ್ಕಳು ಬರಲೇ ಇಲ್ಲ. ಪೋರ್ಷನ್ ಮುಗಿದಿತ್ತಲ್ಲ, ಮನೆಯಲ್ಲಿ ಓದಿಕೊಳ್ಳುತ್ತಿದ್ದರು. ಹತ್ತು ಗಂಟೆಗೆ ಪ್ರಾಂಶುಪಾಲರ ಕಾರು ಬಂತು. ಗಾಜು ಇಳಿಸಿ ನಮ್ಮೆಲ್ಲರಿಗೂ ನಮಸ್ಕಾರ ಮಾಡಿದರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿಮ್ಮ ಹಕ್ಕು ಅದು. ಹೆಂಗೂ ಪಾಠ ಎಲ್ಲಾ ಮುಗಿಸಿಕೊಟ್ಟಿದ್ದೀರಿ, ತುಂಬಾ ಒಳ್ಳೇದಾಯ್ತು. ಬಿಸಿಲಿದೆ, ನೀರು ಕುಡೀರಿ."

ಗಾಜು ಮೇಲಕ್ಕೆ ಹೋಯಿತು. ಕಾರು ಒಳಗೆ ಹೋಯಿತು. ಜವಾನನ ಕೈಯಲ್ಲಿ ಒಂದು ಕ್ಯಾನ್ ನೀರು ಕಳಿಸಿದರು. ಆ ನೀರನ್ನು ನಾವು ಕುಡಿದೆವು ಎಂಬುದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಒಂಬತ್ತು ದಿನ ಕೂತೆವು. ಊರಿನಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಹತ್ತನೇ ದಿನ ಯಾರೋ ಅಧಿಕಾರಿ ಬಂದು, ಪರಿಶೀಲಿಸುತ್ತೇವೆ ಎಂದು ಭರವಸೆ ಕೊಟ್ಟರು. ಶಾಮಿಯಾನದವನು ಕಂಬ ಕಿತ್ತುಕೊಂಡು ಹೋದ. ನಾವೇ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತೆವು.

ಅಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. ಕಳೆ ಎಲ್ಲ ಕಿತ್ತುಕೊಟ್ಟು ಆಮೇಲೆ ಬದುವಿನ ಮೇಲೆ ಕೂತರೆ ಹೊಲದವನಿಗೆ ಏನು ನಷ್ಟ ಎಂದಳು. ಮತ್ತೆ, "ನೀವು ಏನ್ ನಿಲ್ಸುದ್ರೆ ಅವನ್ಗೆ ನೋವಾಯ್ತದೆ ಅಂತ ನೋಡ್ಬೇಕಿತ್ತು. ಮಕ್ಳಿಗೆ ನೋವಾಗೋದ್ನ ನಿಲ್ಸಿ ಏನ್ ಬತ್ತದೆ?" ಎಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗೆ ನನಗೆ ಆಗ ಹೊಳೆಯಿತು. ಪಾಠ ನಿಂತರೆ ಪ್ರಾಂಶುಪಾಲರಿಗೆ ಏನೂ ಆಗುವುದಿಲ್ಲ. ಪಾಠ ಬೇಕಾಗಿರುವುದು ಮಕ್ಕಳಿಗೆ ಮಾತ್ರ. ಇದು ಕಾಲೇಜಿನ ಬಗ್ಗೆ ಹೇಳಬಹುದಾದ ಅತ್ಯಂತ ಕೆಟ್ಟ ಮಾತು, ಆದರೆ ನಿಜ.

ಎರಡನೇ ಸೆಮಿಸ್ಟರ್ ಶುರುವಾಯಿತು. ಹೆರಿಗೆಗೆ ಹೋದ ನನ್ನ ಜೊತೆಯವಳ ಹೆಸರು ಪಟ್ಟಿಯಲ್ಲಿರಲಿಲ್ಲ. ತವರಿನಿಂದ ಫೋನ್ ಮಾಡಿ ಕೇಳಿದಳಂತೆ, ಬಿಡುಗಡೆ ಪತ್ರ ಕೊಟ್ಟಿದ್ದೀರಲ್ಲ ಎಂದು ಕಚೇರಿಯಲ್ಲಿ ಹೇಳಿದರಂತೆ. ಅವಳನ್ನು ವಾಪಸು ತೆಗೆದುಕೊಳ್ಳಿ ಎಂದು ಸಂಘದ ಮೂಲಕ ಅರ್ಜಿ ಹಾಕಿಸಲು ಹಿರಿಯರು ಬಸ್ಸು ಹತ್ತಿ ಕಾಮಸಮುದ್ರದ ಆಚೆ ಅವಳ ಊರಿಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರು. ನೀನೂ ಬಾಮ್ಮಾ ಎಂದು ನನ್ನನ್ನು ಕರೆದಿದ್ದರು. ನಾನು ಹೋಗಲಿಲ್ಲ. ಅರ್ಜಿಯನ್ನು ಮಾತ್ರ ನಾನೇ ಬರೆದೆ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಆಗಲೇ ಕಾಲೇಜಿಗೆ ದರ್ಜೆ ಕೊಡುವ ತಪಾಸಣಾ ತಂಡ ಬರುತ್ತದೆಂದು ಸುದ್ದಿ ಬಂತು. ಇದನ್ನು ಗೊತ್ತಿಲ್ಲದವರಿಗೆ ಹೇಳಬೇಕು. ಈ ತಂಡ ತರಗತಿಗಿಂತ ಹೆಚ್ಚಾಗಿ ಕಡತ ನೋಡುತ್ತದೆ. ಐದು ವರ್ಷದಲ್ಲಿ ಎಷ್ಟು ವಿಚಾರ ಸಂಕಿರಣ, ಎಷ್ಟು ಗಿಡ ನೆಟ್ಟಿರಿ, ಹಳೆಯ ವಿದ್ಯಾರ್ಥಿಗಳ ಸಭೆ ಎಷ್ಟು, ಎಲ್ಲದಕ್ಕೂ ಫೋಟೋ, ಎಲ್ಲದಕ್ಕೂ ವರದಿ. ಒಂದೇ ಗಿಡದ ಮುಂದೆ ನಾಲ್ಕು ವರ್ಷ ಬೇರೆ ಬೇರೆ ಸೀರೆಯಲ್ಲಿ ನಿಂತ ಫೋಟೋ ನನ್ನದೇ ಇದೆ. ಈ ಕಡತಗಳನ್ನೆಲ್ಲ ಮಾಡುವವರು ನಾವು. ಕಂಪ್ಯೂಟರಿಗೆ ಏರಿಸುವವರು ನಾವು, ತಂಡ ಬಂದ ದಿನ ಬಾಗಿಲಲ್ಲಿ ರಂಗೋಲಿ ಹಾಕಿ ಆರತಿ ಹಿಡಿಯುವವರೂ ನಾವು. ನೇಮಕದ ಆದೇಶದಲ್ಲಿ ಬರೆದಿರುವುದು ಮಾತ್ರ ಬೋಧನೆಗಾಗಿ ಎಂದು.

ಟ್ಯೂಷನ್ ಕೊಠಡಿಯಲ್ಲಿ ಮತ್ತೆ ಸೇರಿದೆವು. ಈ ಸಲ ನಾನು ಮೊದಲು ಎದ್ದೆ. ಅಮ್ಮನ ಹೊಲದ ಕಥೆಯನ್ನು ಹೇಳಿದೆ, ಅದರ ಜೊತೆಗೆ ಬಿಡುಗಡೆ ಪತ್ರವನ್ನು ಬರೆದದ್ದು ನಾನೇ ಎಂಬುದನ್ನೂ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಎಷ್ಟೋ ಜನ ತಲೆ ತಗ್ಗಿಸಿ ಕೂತಿದ್ದರು, ಅವರವರ ಕಾಲೇಜಿನಲ್ಲಿ ಅವರೂ ಏನೇನು ಬರೆದುಕೊಟ್ಟಿದ್ದರೋ.

ಮರುದಿನ ನಮ್ಮ ಕಾಲೇಜಿನ ಅತಿಥಿಗಳೆಲ್ಲ ಸೇರಿ ಪ್ರಾಂಶುಪಾಲರಿಗೆ ನಾಲ್ಕು ಸಾಲಿನ ಪತ್ರ ಕೊಟ್ಟೆವು. ಪಾಠ ಒಂದು ನಿಮಿಷವೂ ನಿಲ್ಲುವುದಿಲ್ಲ. ಆದೇಶದಲ್ಲಿ ಇಲ್ಲದ ಯಾವ ಕೆಲಸವನ್ನೂ ನಮ್ಮ ಜೊತೆಯವಳು ತನ್ನ ತರಗತಿಗೆ ವಾಪಸು ಬರುವವರೆಗೆ ಮುಟ್ಟುವುದಿಲ್ಲ. ಅಷ್ಟೇ. ಘೋಷಣೆ ಇಲ್ಲ, ಶಾಮಿಯಾನ ಇಲ್ಲ. ಗಂಟೆ ಹೊಡೆದರೆ ತರಗತಿಗೆ ಹೋಗುವುದು, ಗಂಟೆ ಹೊಡೆದರೆ ಬಂದು ಕೂರುವುದು.

ಎರಡು ದಿನ ಅವರು ನಗುತ್ತಲೇ ಇದ್ದರು. ಮೂರನೇ ದಿನ ಕಾಯಂ ಉಪನ್ಯಾಸಕರಿಬ್ಬರು ಕಂಪ್ಯೂಟರ್ ಮುಂದೆ ಕೂತು, ಯಾವ ಕಡತ ಎಲ್ಲಿದೆ ಎಂದು ಗೊತ್ತಾಗದೆ, ಭೌತಶಾಸ್ತ್ರದ ಹಿರಿಯರನ್ನು ಹುಡುಕಿಕೊಂಡು ಬಂದರು. ಹಿರಿಯರು ಆಗ ಪ್ರಯೋಗಾಲಯದಲ್ಲಿ ಪಾಠ ಮಾಡುತ್ತಿದ್ದರು. "ಕ್ಲಾಸ್ ನಡೀತಾ ಇದೆ ಸಾರ್, ಮಧ್ಯ ಬಿಡೋಕಾಗಲ್ಲ," ಎಂದು ಬಾಗಿಲು ಮುಂದೆ ಮಾಡಿಕೊಂಡರು. ಆ ಬಾಗಿಲು ಮುಚ್ಚಿದ ಶಬ್ದ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆರನೇ ದಿನ ಪ್ರಾಂಶುಪಾಲರು ನನ್ನನ್ನು ಕರೆಸಿದರು. ಈ ಸಲ ನೀರು ಕುಡೀರಿ ಎನ್ನಲಿಲ್ಲ.

"ಮೇಡಮ್, ನಿಮ್ಮನ್ನ ನಾನು ಬುದ್ಧಿವಂತರು ಅಂದುಕೊಂಡಿದ್ದೆ. ಅವರು ಬಂದರೆ ಯಾರ ಕ್ಲಾಸು ಹೋಗುತ್ತೆ? ನಿಮ್ಮದೇ ಅರ್ಧ ಹೋಗುತ್ತೆ. ಮುಂದಿನ ವರ್ಷ ನಿಮ್ಮ ಹೆಸರು ಇರುತ್ತೋ ಇಲ್ಲವೋ ಅದನ್ನೂ ಯೋಚನೆ ಮಾಡಿ."

ಸುಳ್ಳು ಹೇಳುವುದಿಲ್ಲ, ನನಗೆ ತುಂಬಿದ ಪಟ್ಟಿಯ ರುಚಿ ಹತ್ತಿತ್ತು. ಅವರಿಗೆ ಅದು ಗೊತ್ತಿತ್ತು, ಅದಕ್ಕೇ ಅಲ್ಲಿಗೇ ಕೈ ಹಾಕಿದರು. ಹೆತ್ತವಳ ಜಾಗವನ್ನು ಕಿತ್ತು ಇನ್ನೊಬ್ಬಳ ಬಾಯಿಗಿಟ್ಟು, ಇಬ್ಬರೂ ಕಚ್ಚಾಡಿಕೊಂಡಿರಲಿ ಎಂದು ಬಿಡುವ ಈ ಬುದ್ಧಿ ಮೇಸ್ತ್ರಿಗಳದ್ದೇ. ಅಮ್ಮನ ಮೇಸ್ತ್ರಿಗೂ ಇವರಿಗೂ ಕುರ್ಚಿಯೊಂದೇ ವ್ಯತ್ಯಾಸ.

"ಅವು ನನ್ನ ಕ್ಲಾಸುಗಳಲ್ಲ ಸಾರ್. ಅವಳವು. ನಾನು ತಗೋಬಾರದಿತ್ತು, ನೀವು ಕೊಡಬಾರದಿತ್ತು," ಎಂದೆ. 

ತಂಡ ಬರಲು ಹನ್ನೆರಡು ದಿನವಿರುವಾಗ ಬಿಡುಗಡೆ ಪತ್ರ ರದ್ದಾಯಿತು. ರಜೆಯೆಂದು ಬರೆಯಲು ಆಗುವುದಿಲ್ಲ, ಗೈರುಹಾಜರಿ ಎಂದು ಬರೆದುಕೊಳ್ಳುತ್ತೇವೆ ಎಂದರು. ಹಿರಿಯರು ಜಗಳವಾಡಿದರು, ಅದು ಮಾತ್ರ ದಕ್ಕಲಿಲ್ಲ. ದೇಶಕ್ಕೆ ಒಂದು ಕೂಸು ಹೆತ್ತುಕೊಟ್ಟವಳು ನಮ್ಮ ನೋಟ್ ಬುಕ್ಕಿನಲ್ಲಿ ಗೈರುಹಾಜರಾಗಿಯೇ ಉಳಿದಳು. ಜಾಗ ಮಾತ್ರ ಸಿಕ್ಕಿತು.

ಅವಳು ಬಂದ ದಿನ ನಾನು ಬೇಗ ಹೋಗಿದ್ದೆ. ವೇಳಾಪಟ್ಟಿಯಲ್ಲಿ ಅವಳ ತರಗತಿಗಳನ್ನೆಲ್ಲ ನನ್ನ ಕೈಯಾರೆ ಅವಳ ಹೆಸರಿಗೆ ತಿದ್ದಿದ್ದೆ. ಬಡವಾಗಿದ್ದಳು, ಕೂದಲು ಉದುರಿ ಹಣೆ ಅಗಲವಾಗಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುತ್ತುವರಿದು ಮಾತಾಡಿಸಿದರು. ಸಂಘದ ಸದಸ್ಯತ್ವದ ಅರ್ಜಿಗೆ ಸಹಿ ಹಾಕಿದಳು. ಎಲ್ಲರೂ ತರಗತಿಗೆ ಹೋದ ಮೇಲೆ ನಾವಿಬ್ಬರೇ ಉಳಿದೆವು. ಕ್ಷಮೆ ಕೇಳಬೇಕೆಂದು ನಾಲ್ಕು ತಿಂಗಳಿಂದ ಮಾತು ಜೋಡಿಸಿಕೊಂಡಿದ್ದೆ. ಆ ಪತ್ರ ನಾನು ಬರೆದುಕೊಡಬಾರದಿತ್ತು ಕಣಮ್ಮ ಎಂದೆ. ನಿನ್ನ ಕ್ಲಾಸುಗಳನ್ನೂ ತಗೋಬಾರದಿತ್ತು ಎಂದೆ. ಮುಷ್ಕರದ್ದು, ಕಡತದ್ದು, ಪ್ರಾಂಶುಪಾಲರ ಕೋಣೆಯಲ್ಲಿ ನಾನು ಆಡಿದ ಮಾತು, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಸ್ವಲ್ಪ ಹೆಮ್ಮೆ ಬಂದಿತ್ತು.

ಅವಳು ಸೀರೆಯ ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಕೇಳುತ್ತಿದ್ದಳು. ಹಾಲು ಕಟ್ಟಿಕೊಂಡು ರವಿಕೆ ನೆನೆದಿತ್ತು.

"ಪತ್ರ ನೀವ್ ಬರೀದಿದ್ರೆ ನಾನೇ ಬರ್ಕೊಡ್ತಿದ್ದೆ ಅಕ್ಕಾ. ಕ್ಲಾಸು ನೀವ್ ತಗೊಳ್ದಿದ್ರೆ ಬೇರೆಯೋರ್ ತಗೋತಿದ್ರು. ಅದ್ಕೆಲ್ಲ ನಂಗೆ ಬ್ಯಾಸ್ರ ಇಲ್ಲ," ಎಂದಳು. "ನಾಕ್ ತಿಂಗ್ಳಾಯ್ತು. ನನ್ ಜಾಗಕ್ಕೆ ಅಷ್ಟೆಲ್ಲ ಓರಾಡುದ್ರಿ. ಒಂದ್ ಫೋನ್ ಮಾಡಿ ಮಗು ಎಂಗೈತೆ ಅಂತ ಕೇಳ್ಲಿಲ್ವಲ್ಲ."

ಅವಳ ಊರಿಗೆ ಹೋಗಲು ನಾಚಿಕೆ ನನಗೆ. ಫೋನ್ ಮಾಡಲು ನಾಚಿಕೆ. ಆ ನಾಚಿಕೆಯನ್ನು ನಾನು ಇಷ್ಟು ದಿನ ಒಳ್ಳೆಯತನ ಎಂದುಕೊಂಡಿದ್ದೆ.

"ಯಾವ ಮಗುವಮ್ಮ?" ಎಂದೆ.

"ಎಣ್ಣು," ಎಂದು ತರಗತಿಯ ಹಾಜರಿ ಪುಸ್ತಕ ಎತ್ತಿಕೊಂಡು ಎರಡನೇ ಮಹಡಿಗೆ ಹೋದಳು.